ಮೇಲ್ ಬೌನ್ಸ್ ಆಗ್ತಿದ್ರೆ ‘ಐಪಿ ಕ್ಲೀನಿಂಗ್’ ಅಂತ ಯಾರಿಗೂ ದುಡ್ಡು ಕೊಡಬೇಡಿ

ಕಳಿಸಿದ ಮೇಲ್ ವಾಪಸ್ ಬರ್ತಿದೆ (ಬೌನ್ಸ್) ಅಂದ್ರೆ, ನಮ್ಮ ಮೇಲ್ ಸರ್ವರ್ ನೋಡ್ಕೊಳ್ಳೋನು ಐಪಿ, ಅಂದ್ರೆ ಸರ್ವರಿನ ಇಂಟರ್ನೆಟ್ ವಿಳಾಸ, ಕ್ಲೀನ್ ಮಾಡಿಸ್ತೀನಿ ಅಂತ ನನ್ನ ಹತ್ತಿರ ದುಡ್ಡು ತಗೊಂಡ. ಹೇಳಿಕೊಳ್ಳೋಕೆ ನಾಚಿಕೆ ಆಗ್ತಿದೆ. ಆದರೂ ಬರೀತಿದ್ದೀನಿ, ಯಾಕಂದ್ರೆ ಇದೇ ಮನುಷ್ಯ ನಮ್ಮ ಬೆಳಗಾವಿ ಉದ್ಯಮಬಾಗದಲ್ಲಿ ಇನ್ನೂ ನಾಲ್ಕೈದು ವರ್ಕ್‌ಶಾಪಿನ ಮೇಲ್ ಸರ್ವರ್ ನೋಡ್ಕೊಳ್ತಿದ್ದಾನೆ.

ನಮ್ಮದು ಸಣ್ಣ ಮಷೀನ್ ಶಾಪ್. ಕೊಟೇಶನ್, ಡ್ರಾಯಿಂಗ್, ಬಿಲ್ ಎಲ್ಲಾ ಮೇಲ್‌ನಲ್ಲೇ. ಹಳೇ ಹೋಸ್ಟಿಂಗ್ ಬಿಟ್ಟು ಇವನ ಸರ್ವರಿಗೆ ಬಂದ ವಾರದಿಂದಲೇ ಜಿಮೇಲ್ ಇರೋರಿಗೆ ಒಂದೂ ಮೇಲ್ ಮುಟ್ಟಿಲ್ಲ. ಬೇರೆ ಕಡೆ ಹೋಗ್ತಿತ್ತು, ಅದಕ್ಕೇ ವಾಪಸ್ ಬಂದದ್ದರ ಕಡೆ ಗಮನ ಹೋಗಲಿಲ್ಲ. ಹುಬ್ಬಳ್ಳಿ ಪಾರ್ಟಿ ಫೋನ್ ಮಾಡಿ “ನಿಮ್ ರೇಟ್ ಬರ್ಲೇ ಇಲ್ಲಲ್ರೀ, ಬ್ಯಾರೇದವ್ರಿಗೆ ಆರ್ಡರ್ ಕೊಟ್ವಿ” ಅಂದಾಗ ಎದೆ ಧಸಕ್ ಅಂತು.

ಇವನಿಗೆ ಕೇಳಿದರೆ ಮೊದಲ ಉತ್ತರ: “ಸರ್ವರ್ ಸೈಡ್ ಎಲ್ಲಾ ಓಕೆ ಐತ್ರಿ ಸರ್, ಗೂಗಲ್ ಕಡೆ ಪ್ರಾಬ್ಲಂ.” ಎರಡು ದಿನ ಬಿಟ್ಟು: “ನಿಮ್ಮ ಐಪಿ ಬ್ಲ್ಯಾಕ್‌ಲಿಸ್ಟ್ (ಸ್ಪ್ಯಾಮ್ ಕಳಿಸೋರ ಪಟ್ಟಿ) ಆಗೈತ್ರಿ, ಕ್ಲೀನ್ ಮಾಡಿಸ್ಬೇಕು, ಒಂಬತ್ತು ಸಾವಿರ.” ಕೊಟ್ಟೆ. ಫೋನ್‌ಪೇ ಮಾಡಿ ಕೊಟ್ಟೆ, ಬಿಲ್ ಕೂಡ ಕೇಳಲಿಲ್ಲ. ಆಮೇಲೆ “ಪ್ರೊಪಗೇಶನ್ ಆಗಾಕತ್ತೈತಿ (ಬದಲಾವಣೆ ಎಲ್ಲಾ ಕಡೆ ಹರಡ್ತಿದೆ ಅಂತ), 48 ತಾಸು ಕಾಯ್ರಿ.” ನಾಲ್ಕು ದಿನ ಆಯ್ತು. ಅದೇ ಬೌನ್ಸ್.

ಭಾನುವಾರ ಅಕ್ಕನ ಮಗ ಬಂದಿದ್ದ. ವಾಪಸ್ ಬಂದ ಒಂದು ಮೇಲ್ ತೆಗೆದು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ: ಎರರ್ ನಂಬರ್ 550 5.7.26. “ಮಾಮಾ, ಇದರಾಗ ಬ್ಲ್ಯಾಕ್‌ಲಿಸ್ಟ್ ಅಂತ ಎಲ್ಲೈತಿ? ಎಸ್‌ಪಿಎಫ್ ಫೇಲ್, ಡಿಕಿಮ್ ಫೇಲ್ ಅಂತ ಗೂಗಲ್‌ನವರೇ ಬರದಾರಲ್ಲ.” ಎಸ್‌ಪಿಎಫ್ ಅಂದ್ರೆ ನಮ್ಮ ಡೊಮೇನಿನ (ಮೇಲ್ ವಿಳಾಸದಲ್ಲಿ @ ಆದಮೇಲಿನ ಹೆಸರು) ಮೇಲ್ ಯಾವ ಸರ್ವರ್ ಕಳಿಸಬಹುದು ಅನ್ನೋ ಸಾಲು, ಡಿಕಿಮ್ ಅಂದ್ರೆ ಮೇಲ್ ಜೊತೆ ಹೋಗೋ ಡಿಜಿಟಲ್ ಸಹಿ. ಮೊದಲ ದಿನದ ಬೌನ್ಸ್ ತೆಗೆದೆವು. ಅದರಲ್ಲೂ ಅದೇ ಸಾಲು. ಮೊದಲ ದಿನದಿಂದ ಅಲ್ಲೇ ಇತ್ತು! ಇವನಿಗೆ ಅಷ್ಟೂ ಬೌನ್ಸ್ ನಾನೇ ಫಾರ್ವರ್ಡ್ ಮಾಡಿದ್ದೆ.

ಡೊಮೇನಿನ ಡಿಎನ್‌ಎಸ್ (ಇಂಥ ಸಾಲು ಬರೆದಿಡೋ ಜಾಗ) ತೆಗೆದರೆ ಎರಡು ಎಸ್‌ಪಿಎಫ್ ಸಾಲು. ಒಂದು ಹಳೇ ಹೋಸ್ಟಿಂಗ್‌ನದು, ಇನ್ನೊಂದು ಇವನು ಸೇರಿಸಿದ್ದು. ಒಂದು ಡೊಮೇನಿಗೆ ಒಂದೇ ಇರಬೇಕು, ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಡಿಕಿಮ್ ಅಂತೂ ಆನ್ ಮಾಡೇ ಇರಲಿಲ್ಲ. ಎಸ್‌ಪಿಎಫ್, ಡಿಕಿಮ್ ಎರಡರಲ್ಲಿ ಒಂದಾದರೂ ಸರಿ ಇರಬೇಕು ಅಂತ ಜಿಮೇಲ್ 2024ರ ಫೆಬ್ರವರಿಯಿಂದ ಎಲ್ಲರಿಗೂ ಕಡ್ಡಾಯ ಮಾಡಿದೆ. ಮೇಲ್ ಸರ್ವರ್ ನಡೆಸೋನಿಗೆ ಇದು ಗೊತ್ತಿಲ್ವಾ? ಹುಡುಗ ಹಳೇ ಸಾಲು ಅಳಿಸಿದ, ಡಿಕಿಮ್ ಹಾಕಿದ. ಚಹಾ ಕುಡಿದು ಮುಗಿಸೋದ್ರೊಳಗೆ ನನ್ನದೇ ಜಿಮೇಲಿಗೆ ಟೆಸ್ಟ್ ಮೇಲ್ ಬಂತು.

ಇನ್ನೊಂದು ಕೇಳಿ. ಐಪಿ ನಿಜವಾಗಿ ಲಿಸ್ಟ್‌ನಲ್ಲಿದ್ದರೂ, ಇಂಥ ಬ್ಲ್ಯಾಕ್‌ಲಿಸ್ಟ್ ನಡೆಸೋ ಸ್ಪ್ಯಾಮ್‌ಹೌಸ್‌ನವರು ಅದನ್ನು ತೆಗೆಯೋಕೆ ಒಂದು ಪೈಸೆ ತಗೊಳ್ಳಲ್ಲ. ಲಿಸ್ಟ್‌ನಲ್ಲಿ ಇದೆಯಾ ಇಲ್ವಾ ಅನ್ನೋದನ್ನೂ ಅವರ ಸೈಟಿನಲ್ಲೇ ಪುಕ್ಕಟೆ ನೋಡಬಹುದು. ಹಾಗಾದರೆ ನನ್ನ ಒಂಬತ್ತು ಸಾವಿರ ಯಾರಿಗೆ ಹೋಯ್ತು?

ಅದನ್ನೇ ಕೇಳಿದೆ. “ಅದು ಸರ್ವಿಸ್ ಚಾರ್ಜ್ ಸರ್, ರೀಫಂಡ್ ಬರಂಗಿಲ್ಲ.” ಯಾವ ಸರ್ವಿಸ್? ಬ್ಲೂ ಟಿಕ್ ಬಂತು, ಉತ್ತರ ಇಲ್ಲ.

ಬೌನ್ಸ್ ಮೇಲ್ ಡಿಲೀಟ್ ಮಾಡಬೇಡಿ, ಕೆಳಗಿನ ನಂಬರ್ ಸಮೇತ ಓದಿ. ಡೊಮೇನ್ ಲಾಗಿನ್ ನಿಮ್ಮ ಹೆಸರಲ್ಲೇ ಇಟ್ಕೊಳ್ಳಿ. ನನ್ನದು ನನ್ನ ಹತ್ತಿರ ಇತ್ತು ಅಂತ ಬಚಾವ್, ಇಲ್ಲದಿದ್ದರೆ ಆ ಒಂದು ಸಾಲು ಅಳಿಸೋಕೂ ಇವನ ಕಾಲೇ ಹಿಡಿಯಬೇಕಿತ್ತು. ಹುಬ್ಬಳ್ಳಿ ಆರ್ಡರ್ ಮಾತ್ರ ಹೋದದ್ದು ಹೋಯ್ತು.