ಇ-ಶ್ರಮ್ ಕಾರ್ಡ್: ಗುಳೆ ಹೋಗುವ ಕೃಷಿ ಕೂಲಿಕಾರರಿಗೆ ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ

ಹಡಗಲಿ, ಹರಪನಹಳ್ಳಿ ಕಡೆಯ ತಾಂಡಾಗಳಿಂದ ಮಂಡ್ಯಕ್ಕೆ ಕಬ್ಬು ಕಡಿಯಲು ಹೋಗುವವರು, ಯಾದಗಿರಿ, ರಾಯಚೂರಿನಿಂದ ಬೆಂಗಳೂರು ಸೇರುವ ಹುಡುಗರು, ಕೊಡಗಿನ ಕಾಫಿ ತೋಟಗಳಿಗೆ ಅಸ್ಸಾಂ, ಜಾರ್ಖಂಡ್‌ನಿಂದ ಬಂದವರು: ಇವರಲ್ಲಿ ಅನೇಕರ ಹತ್ತಿರ ಇ-ಶ್ರಮ್ ಕಾರ್ಡ್ ಇದೆ, ಅಂದರೆ ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರು ಸೇರಿಸಿದ್ದಕ್ಕೆ ಸಿಗುವ ಕಾರ್ಡ್. ಅದರಿಂದ ಏನು ಸಿಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ‘ಎರಡು ಲಕ್ಷದ ಇನ್ಶೂರೆನ್ಸ್’ ಎಂದು. ಆ ಮಾತು ಈಗ ನಿಜವಲ್ಲ. 2022ರ ಮಾರ್ಚ್ 31ರೊಳಗೆ ನೋಂದಾಯಿಸಿ, ಅದೇ ಗಡುವಿನೊಳಗೆ ಅಪಘಾತಕ್ಕೆ ಸಿಕ್ಕವರಿಗೆ ಮಾತ್ರ ಆ ಪರಿಹಾರವಿತ್ತು. ಇವತ್ತು ಕಾರ್ಡ್ ಒಂದನ್ನೇ ನಂಬಿಕೊಂಡರೆ ವಿಮೆ ಇಲ್ಲ. ಹಾಗಂತ ಕಾರ್ಡ್ ಬೇಡ ಎನ್ನುವಂತಿಲ್ಲ. ಸರಿಯಾಗಿ ಭರ್ತಿ ಮಾಡಿದ್ದರೆ ಅದು ಉಪಯೋಗಕ್ಕೆ ಬರುತ್ತದೆ; ತೊಂದರೆ ಶುರುವಾಗುವುದೇ ಭರ್ತಿ ಮಾಡುವಲ್ಲಿ.

ಕೇಂದ್ರ ಕಾರ್ಮಿಕ ಸಚಿವಾಲಯ ಇ-ಶ್ರಮ್ ಪೋರ್ಟಲ್ ಆರಂಭಿಸಿದ್ದು 2021ರ ಆಗಸ್ಟ್ 26ರಂದು. 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರು ನೋಂದಾಯಿಸಬಹುದು. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ) ಸದಸ್ಯರು ಮತ್ತು ಆದಾಯ ತೆರಿಗೆ ಕಟ್ಟುವವರಿಗೆ ಅವಕಾಶವಿಲ್ಲ. ದೇಶದಲ್ಲಿ 30 ಕೋಟಿಗೂ ಹೆಚ್ಚು ಜನ ನೋಂದಾಯಿಸಿದ್ದಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಕೃಷಿ ಕೆಲಸದವರು. ನೋಂದಣಿ ಉಚಿತ. 2025ರ ಜನವರಿಯಿಂದ ಪೋರ್ಟಲ್ ಕನ್ನಡವೂ ಸೇರಿ 22 ಭಾಷೆಗಳಲ್ಲಿದೆ.

ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಯಾರ ಸಹಾಯವೂ ಇಲ್ಲದೆ ನೋಂದಣಿ ಮುಗಿಸಬಹುದು. ಗುಳೆ ಹೋಗುವವರು ಸಿಮ್ ಬದಲಿಸುತ್ತಲೇ ಇರುತ್ತಾರೆ, ಹಳೆಯ ನಂಬರ್‌ಗೆ ಹೋದ ಒಟಿಪಿ ಅವರಿಗೆ ಸಿಗುವುದಿಲ್ಲ. ಆಗ ಉಳಿಯುವುದು ಸಾಮಾನ್ಯ ಸೇವಾ ಕೇಂದ್ರದ (ಸಿಎಸ್‌ಸಿ) ಬೆರಳಚ್ಚು. ಕುಡುಗೋಲು, ಗುದ್ದಲಿ ಹಿಡಿದು ಸವೆದ ಬೆರಳನ್ನು ಯಂತ್ರ ಹಲವು ಸಲ ಒಪ್ಪುವುದಿಲ್ಲ. ಕಣ್ಣಿನ ಸ್ಕ್ಯಾನರ್ ಇರುವ ಕೇಂದ್ರಕ್ಕೆ ಹೋಗಬೇಕು, ಇಲ್ಲವೇ ಆಧಾರ್ ಕೇಂದ್ರದಲ್ಲಿ ಶುಲ್ಕ ಕಟ್ಟಿ ಹೊಸ ನಂಬರ್ ಜೋಡಿಸಿಕೊಳ್ಳಬೇಕು. ಊರು ಬಿಡುವ ಮೊದಲೇ ಇದನ್ನು ಮುಗಿಸಿಕೊಳ್ಳಿ, ಗದ್ದೆ ಬದಿಯ ಗುಡಿಸಲಿನಲ್ಲಿ ಇದ್ದುಕೊಂಡು ಮಾಡಿಸುವುದು ಕಷ್ಟ. ಮೇಸ್ತ್ರಿಯ ನಂಬರ್ ಕೊಟ್ಟು ನೋಂದಣಿ ಮಾಡಿಸುವ ರೂಢಿಯೂ ಇದೆ. ಹಾಗೆ ಮಾಡಬೇಡಿ. ಮುಂದಿನ ಪ್ರತಿ ತಿದ್ದುಪಡಿಯ ಒಟಿಪಿಯೂ ಅವನ ಕೈ ಸೇರುತ್ತದೆ.

ಈಗ ಮುಖ್ಯವಾದ ಕಾಲಂಗಳು. ಹಾಲಿ ವಿಳಾಸ ಕೇಳುವಲ್ಲಿ ವಲಸೆ ಕಾರ್ಮಿಕರೇ ಎಂಬ ಪ್ರಶ್ನೆ ಬರುತ್ತದೆ. ಕೇಂದ್ರದವರು ಬೇಗ ಮುಗಿಸಲು ‘ಅಲ್ಲ’ ಎಂದು ಒತ್ತಿ, ಆಧಾರ್ ವಿಳಾಸವನ್ನೇ ಹಾಲಿ ವಿಳಾಸವೆಂದು ಹಾಕಿಬಿಡುತ್ತಾರೆ. ಹೀಗಾದರೆ ಆರು ತಿಂಗಳು ಹೊರಗೆ ದುಡಿಯುವ ಮನುಷ್ಯ ಸರ್ಕಾರದ ಲೆಕ್ಕದಲ್ಲಿ ಊರಲ್ಲೇ ಇರುತ್ತಾನೆ. ಎಷ್ಟು ವಲಸಿಗರಿದ್ದಾರೆ, ಎಲ್ಲಿದ್ದಾರೆ ಎಂಬ ಲೆಕ್ಕವೇ ಇಲ್ಲದೆ 2020ರ ಲಾಕ್‌ಡೌನ್‌ನಲ್ಲಿ ಲಕ್ಷಾಂತರ ಜನ ನಡೆದುಕೊಂಡು ಊರು ಸೇರಬೇಕಾಯಿತು. ಈ ಪಟ್ಟಿ ಹುಟ್ಟಿದ್ದೇ ಅದರ ನಂತರ. ಆದ್ದರಿಂದ ಆ ಕಾಲಂನಲ್ಲಿ ‘ಹೌದು’ ಎಂದು ಹಾಕಿಸಿ, ಕೆಲಸದ ಜಿಲ್ಲೆಯನ್ನೇ ಬರೆಸಿ.

ಕೆಲಸದ ವಿವರದಲ್ಲೂ ಹೀಗೆಯೇ. ಮುಖ್ಯ ಉದ್ಯೋಗ ಒಂದಾದರೆ ಎರಡನೆಯದಕ್ಕೂ ಜಾಗವಿದೆ. ಮಳೆಗಾಲದಲ್ಲಿ ಕಳೆ ಕಿತ್ತು ಬೇಸಿಗೆಯಲ್ಲಿ ಗಾರೆ ಕೆಲಸಕ್ಕೆ ಹೋಗುವವರು ಎರಡನ್ನೂ ಬರೆಸಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ ಬೇರೆಯೇ. ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿದವರು ಅದನ್ನೂ ಮಾಡಿಸಿಕೊಳ್ಳಬಹುದು, ಅದರ ಸೌಲಭ್ಯಗಳು ಇದಕ್ಕಿಂತ ದೊಡ್ಡವು.

ಯುವಕರು ಸಿಕ್ಕಿಬೀಳುವುದು ಪಿಎಫ್ ಪ್ರಶ್ನೆಯಲ್ಲಿ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೋ ಸೆಕ್ಯುರಿಟಿ ಏಜೆನ್ಸಿಯಲ್ಲೋ ಮೂರು ತಿಂಗಳು ದುಡಿದು ಬಿಟ್ಟಿರುತ್ತಾರೆ, ಪಿಎಫ್ ಖಾತೆ ಮಾತ್ರ ತೆರೆದೇ ಇರುತ್ತದೆ. ಮಾಲೀಕರು ಕೆಲಸ ಬಿಟ್ಟ ದಿನಾಂಕ ನಮೂದಿಸಿರದಿದ್ದರೆ, ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲ್‌ನಲ್ಲಿ ಅದನ್ನು ತಾವೇ ಹಾಕಿಕೊಳ್ಳಬಹುದು. ಮೊದಲು ಆ ಕೆಲಸ ಮುಗಿಸಿ. ಇನ್ನೊಂದು ಗೊಂದಲವೂ ಇದೆ: ಪಿಎಫ್‌ಗೂ ಇ-ಶ್ರಮ್‌ಗೂ ಯುಎಎನ್ ಎಂಬ 12 ಅಂಕಿಯ ಖಾತೆ ಸಂಖ್ಯೆ ಇರುತ್ತದೆ. ಎರಡೂ ಬೇರೆ ಬೇರೆ, ಅರ್ಜಿಯಲ್ಲಿ ಅದಲುಬದಲು ಮಾಡಬೇಡಿ. 16, 17ರ ಮಕ್ಕಳ ಹೆಸರು ನೋಂದಣಿಯಾದರೂ ಅವರನ್ನು ಅಪಾಯದ ಕೆಲಸಕ್ಕೆ ಹಚ್ಚಲು ಅದು ಅನುಮತಿಯಲ್ಲ. 18 ತುಂಬದವರಿಗೆ ಅಂಥ ಕೆಲಸವನ್ನು ಕಾನೂನು ನಿಷೇಧಿಸಿದೆ.

ವಿಮೆಯ ವಿಷಯಕ್ಕೆ ಬರೋಣ. ಬೇಕಾದದ್ದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ: ವರ್ಷಕ್ಕೆ 20 ರೂಪಾಯಿ, ವಯಸ್ಸು 18ರಿಂದ 70. ಅಪಘಾತದ ಸಾವಿಗೆ 2 ಲಕ್ಷ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ. ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಸಾಕು. ವಿಮೆಯ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಗೆ ಖಾತೆಯಿಂದ ದುಡ್ಡು ಕಡಿತವಾಗುತ್ತದೆ. ಗುಳೆ ಹೋದವರು ಊರಿಗೆ ಮರಳಿ, ಬಿತ್ತನೆ ಖರ್ಚಿಗೆ ಖಾತೆ ಬರಿದು ಮಾಡುವ ಹೊತ್ತೂ ಅದೇ. 20 ರೂಪಾಯಿ ಇಲ್ಲದೆ ಎಷ್ಟೋ ವಿಮೆಗಳು ನಿಂತುಹೋಗುವುದು ಹೀಗೆ. ಮೇ ಮಧ್ಯದಲ್ಲಿ ಖಾತೆಗೆ 50 ರೂಪಾಯಿ ಹಾಕಿಡಿ.

ಹಾವು ಕಚ್ಚಿದ ಸಾವು, ಮರದಿಂದ ಬಿದ್ದ ಸಾವು ಇದರೊಳಗೆ ಬರುತ್ತವೆ. ಆದರೆ ಆಸ್ಪತ್ರೆಯ ದಾಖಲೆ ಬೇಕೇ ಬೇಕು. ನಾಟಿ ಔಷಧಿಗೆಂದು ಹೊತ್ತು ಕಳೆದರೆ ಜೀವವೂ ಹೋಗುತ್ತದೆ, ದಾಖಲೆಯೂ ಇರುವುದಿಲ್ಲ. ರಸ್ತೆ ಅಪಘಾತ, ನೀರಿನಲ್ಲಿ ಮುಳುಗಿದ ಸಾವಿಗೆ ಪೊಲೀಸ್ ದೂರು ಬೇಕು. ಹೃದಯಾಘಾತ, ಆತ್ಮಹತ್ಯೆಗೆ ಈ ವಿಮೆ ಅನ್ವಯಿಸುವುದಿಲ್ಲ. ಅಪಘಾತವಾಗಿ 30 ದಿನದೊಳಗೆ ಬ್ಯಾಂಕಿಗೆ ಅರ್ಜಿ ಕೊಡಬೇಕು. ಹಾಗಾಗಿ ನಾಮಿನಿ ಯಾರು, ಯಾವ ಬ್ಯಾಂಕು ಎಂಬುದು ಮನೆಯವರಿಗೆ ಗೊತ್ತಿರಲೇಬೇಕು.

ಪಡಿತರ ಚೀಟಿ ಇಲ್ಲದವರಿಗೆ ಈ ಕಾರ್ಡ್ ನಿಜಕ್ಕೂ ಬಲ. ಇ-ಶ್ರಮ್‌ನಲ್ಲಿದ್ದೂ ಪಡಿತರ ಚೀಟಿ ಇಲ್ಲದ ಸುಮಾರು 8 ಕೋಟಿ ಜನರಿಗೆ ಚೀಟಿ ಕೊಡಿ ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಎರಡು ತಿಂಗಳ ಗಡುವು ಕೊಟ್ಟಿತ್ತು. ಆಹಾರ ಇಲಾಖೆಗೆ ಕೊಡುವ ಅರ್ಜಿಯಲ್ಲಿ ಇ-ಶ್ರಮ್ ಯುಎಎನ್ ಬರೆದು, ಈ ಆದೇಶ ಉಲ್ಲೇಖಿಸಿ, ಸ್ವೀಕೃತಿ ಪಡೆಯಿರಿ.

ದೊಡ್ಡ ಕೊರತೆ ಏನೆಂದರೆ, ಕೂಲಿ ಬಾಕಿಯ ಜಗಳದಲ್ಲಿ ಈ ಕಾರ್ಡ್ ಯಾವ ಸಾಕ್ಷಿಯನ್ನೂ ಕೊಡುವುದಿಲ್ಲ. ಯಾರ ಹೊಲ, ಯಾವ ಮೇಸ್ತ್ರಿ, ಮುಂಗಡ ಎಷ್ಟು, ಟನ್ನಿಗೆ ಎಷ್ಟು ಮಾತಾಗಿತ್ತು ಎಂಬುದು ಅದರಲ್ಲಿ ದಾಖಲಾಗುವುದೇ ಇಲ್ಲ. ಅದಕ್ಕೆ ಬೇರೆ ಪುಸ್ತಕ ಇಡಲೇಬೇಕು: ದಿನಾಂಕ, ಕಡಿದ ಲೋಡು, ಕೊಟ್ಟ ಹಣ, ಹಾಜರಿದ್ದವರ ಹೆಸರು. ತೂಕದ ಚೀಟಿಯ ಫೋಟೋ ತೆಗೆದು ಊರಲ್ಲಿರುವ ಒಬ್ಬರಿಗೆ ಕಳಿಸಿಡಿ. ಮುಂಗಡ ತೀರುವವರೆಗೆ ಹೋಗಬಾರದೆಂದು ತಡೆದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತ. ದೂರು ಹೋಗಬೇಕಾದ್ದು ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ. ಇ-ಶ್ರಮ್ ಸಹಾಯವಾಣಿ 14434 ನೋಂದಣಿಯ ತೊಂದರೆಗಳಿಗಷ್ಟೇ. ಅರ್ಜಿಯಲ್ಲಿ ಮೇಸ್ತ್ರಿಯ ಹೆಸರು ಮತ್ತು ಮುಂಗಡಕ್ಕೆ ಎರಡೇ ಎರಡು ಕಾಲಂ ಸೇರಿಸಿದರೂ ಕಬ್ಬು ಕಡಿಯುವ ಟೋಳಿಗಳಿಗೆ (ಗುಂಪುಗಳಿಗೆ) ಇದರ ಬೆಲೆ ಹಲವು ಪಟ್ಟು ಹೆಚ್ಚುತ್ತದೆ. ಕಾರ್ಮಿಕ ಇಲಾಖೆ ಅದನ್ನು ಮಾಡಬೇಕು.