ನೀರು, ಗಾರೆ, ಮತದಾನ: ಮೈಸೂರಿನ ರೋಮ್ ತರಗತಿಗಳು ಹೇಗಿವೆ?

ಮೈಸೂರಿನ ಲಕ್ಷ್ಮೀಪುರಂನ ಹಳೆಯ ಮನೆಯೊಂದರ ಹಜಾರದಲ್ಲಿ, ನಿವೃತ್ತ ಚರಿತ್ರೆ ಅಧ್ಯಾಪಕರೊಬ್ಬರೂ ಹಳೆಯ ಕಟ್ಟಡಗಳ ಜೀರ್ಣೋದ್ಧಾರದಲ್ಲಿ ದುಡಿದ ಎಂಜಿನಿಯರೊಬ್ಬರೂ ಜೊತೆಯಾಗಿ ವಾರಾಂತ್ಯಗಳಲ್ಲಿ ಪ್ರಾಚೀನ ರೋಮಿನ ಬಗ್ಗೆ ತರಗತಿ ನಡೆಸುತ್ತಿದ್ದಾರೆ. ಪಾಠ ಕನ್ನಡದಲ್ಲಿ ನಡೆಯುತ್ತದೆ. ಶುಲ್ಕ ಸಾಮಾನ್ಯ ಕುಟುಂಬಕ್ಕೆ ಹೊರೆಯಾಗುವಂಥದ್ದಲ್ಲ, ವಿದ್ಯಾರ್ಥಿಗಳಿಗೆ ಅದರಲ್ಲೂ ಅರ್ಧ ರಿಯಾಯಿತಿ ಇದೆ. ಚಕ್ರವರ್ತಿಗಳ ಹೆಸರು ಮತ್ತು ಯುದ್ಧಗಳ ಇಸವಿಗಳನ್ನು ಬದಿಗಿಟ್ಟು, ಒಂದು ನಗರ ತನ್ನ ನೀರು, ಗಾರೆ ಮತ್ತು ಮತದಾನದ ಪದ್ಧತಿಯನ್ನು ಹೇಗೆ ನಿಭಾಯಿಸಿತು ಎಂಬುದನ್ನೇ ಇವರು ಕೇಂದ್ರಕ್ಕೆ ತಂದಿದ್ದಾರೆ. ದಿನಬಳಕೆಯ ತಂತ್ರಜ್ಞಾನವು ಬಾಳಿಕೆ ಬರುವುದು ಅದರ ಜಾಣ್ಮೆಯಿಂದಷ್ಟೇ ಅಲ್ಲ, ಅದಕ್ಕೆ ಹೊಣೆಗಾರರಾಗಿ ಸಾರ್ವಜನಿಕರಿಗೆ ಉತ್ತರಿಸುವ ಅಧಿಕಾರಿಗಳು ಇದ್ದಾಗ ಮಾತ್ರ ಎಂಬ ಮಾತನ್ನು ಈ ತರಗತಿಗಳು ಸಾಕ್ಷ್ಯಸಮೇತ ಮನವರಿಕೆ ಮಾಡಿಕೊಡುತ್ತವೆ.

ಮೊದಲ ತರಗತಿ ಮತದಾನದ್ದು. ಕ್ರಿ.ಪೂ. 139ಕ್ಕೆ ಮೊದಲು ರೋಮಿನ ಪ್ರಜೆ ತನ್ನ ಮತವನ್ನು ಬಾಯಿಬಿಟ್ಟು ಹೇಳಬೇಕಿತ್ತು. ಆ ವರ್ಷ ಅಧಿಕಾರಿಗಳ ಚುನಾವಣೆಗೆ ಮೇಣ ಬಳಿದ ಮರದ ಹಲಗೆಯ ಮೇಲೆ ಗುಟ್ಟಾಗಿ ಬರೆದು ಹಾಕುವ ಪದ್ಧತಿ ಬಂತು. ಕ್ರಿ.ಪೂ. 119ರಲ್ಲಿ ಟ್ರಿಬ್ಯೂನನಾಗಿದ್ದ (ಸಾಮಾನ್ಯ ಜನರ ಪ್ರತಿನಿಧಿ ಅಧಿಕಾರಿ) ಮಾರಿಯಸ್, ಮತದಾರರು ಮತ ಹಾಕಲು ದಾಟಿಹೋಗುವ ಹಲಗೆಯ ಸೇತುವೆಯನ್ನೇ ಕಿರಿದು ಮಾಡಿಸಿ, ಪಕ್ಕದಲ್ಲಿ ನಿಂತು ಕಿವಿಯೂದುವ ಸಿರಿವಂತರಿಗೆ ಜಾಗವಿಲ್ಲದಂತೆ ಮಾಡಿದ. ಹಾಗಿದ್ದರೂ ಅತ್ಯುನ್ನತ ಅಧಿಕಾರಿಗಳಾದ ಕಾನ್ಸಲರನ್ನು ಆರಿಸುವ ಸಭೆಯಲ್ಲಿ ಗುಂಪಿಗೊಂದು ಮತದಂತೆ 193 ಮತಗುಂಪುಗಳಿದ್ದು, ಆಸ್ತಿಯೇ ಇಲ್ಲದ ಅಷ್ಟೂ ಜನರನ್ನು ಒಂದೇ ಗುಂಪಿಗೆ ತುಂಬಲಾಗಿತ್ತು ಎಂಬುದನ್ನು ಅಧ್ಯಾಪಕರು ಮುಚ್ಚುಮರೆಯಿಲ್ಲದೆ ಹೇಳಿದ್ದು ನನಗೆ ಮೆಚ್ಚುಗೆಯಾಯಿತು.

ನೀರಿನ ತರಗತಿಯೇ ಈ ಮಾಲೆಯ ಜೀವಾಳ. ರೋಮಿನ ಮೊದಲ ಕಾಲುವೆಯಾದ ಆಕ್ವಾ ಆಪಿಯಾ ಕ್ರಿ.ಪೂ. 312ರದ್ದು, ಸುಮಾರು 16 ಕಿಲೋಮೀಟರ್ ಉದ್ದವಿದ್ದ ಇದು ಬಹುಪಾಲು ನೆಲದಡಿಯಲ್ಲೇ ಹರಿಯುತ್ತಿತ್ತು. ಇದರ ಬುಗ್ಗೆಗಳನ್ನು ಪತ್ತೆಹಚ್ಚಿದವನು ಗೇಯಸ್ ಪ್ಲೌಟಿಯಸ್ ಎಂಬ ಸೆನ್ಸರ್, ಅಂದರೆ ಜನಗಣತಿ ಮತ್ತು ಸಾರ್ವಜನಿಕ ಕಾಮಗಾರಿಗಳನ್ನು ನೋಡಿಕೊಳ್ಳುವ ಅಧಿಕಾರಿ. ಆದರೆ ಅವನು ಅವಧಿ ಮುಗಿಯಿತೆಂದು ಪದವಿ ಬಿಟ್ಟುಕೊಟ್ಟರೆ, ಜೊತೆಯ ಸೆನ್ಸರನಾದ ಆಪಿಯಸ್ ಕ್ಲಾಡಿಯಸ್ ನಾನಾ ನೆಪಗಳಿಂದ ತನ್ನ ಅವಧಿಯನ್ನು ಎಳೆದು, ಕಾಮಗಾರಿ ಮುಗಿಸಿ, ಕಾಲುವೆಗೆ ತನ್ನ ಹೆಸರನ್ನೇ ಉಳಿಸಿಕೊಂಡನೆಂದು, ಬಹುಕಾಲದ ನಂತರ ರೋಮಿನ ನೀರಿನ ಆಡಳಿತ ನೋಡಿಕೊಂಡ ಫ್ರಾಂಟಿನಸ್ ಬರೆದಿದ್ದಾನೆ. ಈ ಒಂದು ಪ್ರಸಂಗದಲ್ಲೇ ಪದವಿಯ ಕಾಲಮಿತಿ, ಕೀರ್ತಿಯ ಹಂಬಲ ಮತ್ತು ಜನರ ಬಾಯಾರಿಕೆ ಮೂರೂ ಒಟ್ಟಿಗೆ ಕಾಣಿಸಿದವು. ಅದಾಗಿ ಸುಮಾರು ಮೂರು ಶತಮಾನ ಸಂದ ಮೇಲೆ, ಮುಂದೆ ಚಕ್ರವರ್ತಿಯಾದ ಆಗಸ್ಟಸನ ಆಪ್ತ ಸೇನಾನಿಯೂ ಅದಾಗಲೇ ಕಾನ್ಸಲನಾಗಿದ್ದವನೂ ಆದ ಅಗ್ರಿಪ್ಪನು ಕ್ರಿ.ಪೂ. 33ರಲ್ಲಿ ಅದಕ್ಕಿಂತ ಕೆಳಗಿನ, ನಗರದ ಸೌಕರ್ಯಗಳನ್ನು ನೋಡಿಕೊಳ್ಳುವ ಈಡೈಲ್ ಹುದ್ದೆಯನ್ನು ಒಪ್ಪಿಕೊಂಡು ಕಾಲುವೆಗಳನ್ನು ದುರಸ್ತಿ ಮಾಡಿಸಿದ, ಕ್ರಿ.ಪೂ. 19ರಲ್ಲಿ ಅವನು ತರಿಸಿದ ಆಕ್ವಾ ವಿರ್ಗೋ ಎಂಬ ಕಾಲುವೆ ಹಲವು ಜೀರ್ಣೋದ್ಧಾರಗಳ ಬಳಿಕ ಇಂದಿಗೂ ರೋಮಿನ ಟ್ರೆವಿ ಕಾರಂಜಿಗೆ ನೀರು ಕೊಡುತ್ತಿದೆ.

ಕ್ರಿ.ಶ. 97ರಲ್ಲಿ ನೀರಿನ ಮೇಲ್ವಿಚಾರಕನಾದ ಫ್ರಾಂಟಿನಸನ ಆಡಳಿತ ವಿವರಗಳಿಗೆ ಇವರು ಕೊಟ್ಟ ಸಮಯ ಸಾರ್ಥಕವಾಗಿದೆ. ಖಾಸಗಿ ಮನೆಗೆ ನೀರು ಬೇಕಿದ್ದರೆ ಚಕ್ರವರ್ತಿಯ ಅನುಮತಿ ಪತ್ರ ಬೇಕಿತ್ತು. ಅನುಮತಿ ಸಿಕ್ಕಮೇಲೂ ಹನ್ನೆರಡು ಬೆರಳಿನಷ್ಟು ಉದ್ದದ, ಮುದ್ರೆಯೊತ್ತಿದ ಕಂಚಿನ ನಳಿಕೆಯ ಮೂಲಕವೇ ನೀರು ಪಡೆಯಬೇಕಿತ್ತು. ಸೀಸವನ್ನು ಬಗ್ಗಿಸಿ ಹಿಗ್ಗಿಸಬಹುದು, ಕಂಚನ್ನು ಹಾಗೆ ಮಾಡುವುದು ಕಷ್ಟ ಎಂಬುದೇ ಕಾರಣ. ಆ ಹಕ್ಕು ಮಗನಿಗಾಗಲಿ, ಜಮೀನು ಕೊಂಡವನಿಗಾಗಲಿ ತಾನಾಗಿ ಹೋಗುತ್ತಿರಲಿಲ್ಲ. ಇಷ್ಟೆಲ್ಲ ಇದ್ದರೂ ನೀರಿನ ಕೆಲಸದವರು ಲಂಚ ತಿಂದು ಕೊಳವೆಗಳಿಗೆ ಕಳ್ಳರಂಧ್ರ ಕೊರೆಯುತ್ತಿದ್ದುದನ್ನು ಅವನು ಸಿಟ್ಟಿನಿಂದಲೇ ದಾಖಲಿಸಿದ್ದಾನೆ. ಎಂಜಿನಿಯರರು ಕಂಚಿನ ಕೊಳವೆಯ ತುಂಡೊಂದನ್ನು ಕೈಗೆ ಕೊಟ್ಟು, ಅದರ ಬಾಯಿಯ ಅಗಲವಷ್ಟೇ ಅಳತೆಯಾಗಿದ್ದು ಹರಿವಿನ ವೇಗ ಲೆಕ್ಕಕ್ಕೆ ಬಾರದೆ ಹೋದದ್ದರಿಂದ ಫ್ರಾಂಟಿನಸನ ಅಂಕಿಗಳು ಏಕೆ ತಾಳೆಯಾಗಲಿಲ್ಲ ಎಂಬುದನ್ನು ಬಕೆಟ್ಟು ಮತ್ತು ಗಡಿಯಾರ ಇಟ್ಟು ತೋರಿಸಿದರು. ಇಂಥ ಸರಳ ಪ್ರಯೋಗ ಎಷ್ಟು ಪುಟ ಓದಿದರೂ ಸಿಗದ ತಿಳಿವಳಿಕೆಯನ್ನು ಕೊಡುತ್ತದೆ.

ಆದರೆ ಇಲ್ಲಿಯೇ ನನಗೆ ಒಂದು ಕೊರತೆ ಎದ್ದು ಕಂಡಿತು. ಕೆರೆಯ ತೂಬು ತೆಗೆದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿರ್ಧರಿಸಿ, ಸುಗ್ಗಿಯಲ್ಲಿ ಕಣದಿಂದಲೇ ತನ್ನ ಪಾಲಿನ ಧಾನ್ಯ ಪಡೆಯುತ್ತಿದ್ದ ನೀರುಗಂಟಿಯನ್ನು ಬಲ್ಲ ಮಂಡ್ಯ, ಮೈಸೂರಿನ ಸಭಿಕರ ಮುಂದೆ ರೋಮಿನ ನೀರಿನ ಕೆಲಸದವರ ಬಗ್ಗೆ ಮಾತಾಡುವಾಗ ಆ ಹೋಲಿಕೆಯನ್ನು ಎತ್ತದೇ ಬಿಡುವುದು ಸರಿಯಲ್ಲ. ಕಾವೇರಿ ನೀರನ್ನು ಮೈಸೂರಿಗೆ ತರಲೆಂದು ದಿವಾನ್ ಪೂರ್ಣಯ್ಯನವರು ತೋಡಿಸಿದ, ಆದರೆ ಗುರಿ ಮುಟ್ಟದ ನಾಲೆಯ ಪ್ರಸ್ತಾಪವೂ ಬರಲಿಲ್ಲ.

ಆ ಕೊರತೆಯನ್ನು ಗಾರೆಯ ತರಗತಿ ಬಹುಮಟ್ಟಿಗೆ ತುಂಬಿಕೊಟ್ಟಿತು. ಒಡೆದ ಹೆಂಚು, ಮಡಕೆಗಳನ್ನು ಕುಟ್ಟಿ ಸುಣ್ಣದೊಂದಿಗೆ ಕಲಸಿ ಕಾಲುವೆ, ತೊಟ್ಟಿಗಳ ಒಳಮೈಗೆ ಬಳಿಯುವುದು ರೋಮನ್ನರ ವಾಡಿಕೆಯಾಗಿತ್ತು. ಅಂದರೆ ಮುರಿದ ಪಾತ್ರೆ ಕಸವಾಗುತ್ತಿರಲಿಲ್ಲ, ನೀರು ಹಿಡಿದಿಡುವ ಕವಚವಾಗುತ್ತಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಗೆ ಬಳಸಿದ ಸುರ್ಕಿ ಗಾರೆಯ ತಿರುಳೂ ಸುಣ್ಣ ಮತ್ತು ಸುಟ್ಟ ಮಣ್ಣಿನ ಪುಡಿಯೇ. ಹಿತ್ತಲಿನಲ್ಲಿ ಒರಳು, ಇಟ್ಟಿಗೆ ಚೂರು, ಸುಣ್ಣ ಇಟ್ಟು ನಮ್ಮ ಕೈಯಿಂದಲೇ ಕುಟ್ಟಿಸಿ, ಜರಡಿ ಹಿಡಿಸಿ, ಸಣ್ಣ ತೊಟ್ಟಿಯೊಂದಕ್ಕೆ ಬಳಿಸಿದರು. ರೋಮನ್ ಕಾಂಕ್ರೀಟಿನಲ್ಲಿ ಕಾಣುವ ಬಿಳಿಯ ಸುಣ್ಣದ ಉಂಡೆಗಳನ್ನು ಬಹುಕಾಲ ಅರೆಬರೆ ಕಲಸಿದ್ದರ ಗುರುತೆಂದು ಭಾವಿಸಲಾಗಿತ್ತು; ಅವು ಸುಡುಸುಣ್ಣವನ್ನು ಬಿಸಿಬಿಸಿಯಾಗಿ ಕಲಸಿದ್ದರ ಫಲ, ಬಿರುಕಿಗೆ ನೀರಿಳಿದಾಗ ಆ ಸುಣ್ಣ ಕರಗಿ ಮತ್ತೆ ಗಟ್ಟಿಯಾಗಿ ಬಿರುಕನ್ನು ಮುಚ್ಚುತ್ತದೆ ಎಂದು 2023ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಇದನ್ನು ವಿವರಿಸಿದ ರೀತಿ ಸ್ಪಷ್ಟವಾಗಿತ್ತು. ನೀರಿಗೆ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯೇ ಆರೋಗ್ಯಕ್ಕೆ ಒಳ್ಳೆಯದು, ಕೆಟ್ಟರೆ ಯಾರು ಬೇಕಾದರೂ ಸರಿಪಡಿಸಬಹುದು ಎಂದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸನ ಮಾತನ್ನೂ ಇಲ್ಲಿಯೇ ಪರಿಚಯಿಸಿದರು. ಒಂದು ಎಚ್ಚರಿಕೆ ಅಗತ್ಯ: ಸುಡುಸುಣ್ಣಕ್ಕೆ ನೀರು ಹಾಕುವಾಗ ಅದು ಕೊತಕೊತ ಕುದಿದು ಸಿಡಿಯುತ್ತದೆ, ಆದರೂ ಮಕ್ಕಳನ್ನು ಹತ್ತಿರ ನಿಲ್ಲಿಸಿಕೊಂಡೇ ಅದನ್ನು ಮಾಡಿದರು. ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯವಾಗಬೇಕು.

ಕೊನೆಯ ತರಗತಿಯ ಚರ್ಚೆ ಬಹಳ ಕಾವೇರಿತು. ಭಾರಿ ಕಂಬಗಳನ್ನು ಕಡಿಮೆ ಖರ್ಚಿನಲ್ಲಿ ಸಾಗಿಸುವ ಉಪಾಯ ತಂದ ಕುಶಲಕರ್ಮಿಗೆ ಚಕ್ರವರ್ತಿ ವೆಸ್ಪಾಸಿಯನ್ ಬಹುಮಾನ ಕೊಟ್ಟರೂ, ಬಡಜನರಿಗೆ ಅನ್ನ ಹಾಕಲು ತನಗೆ ಅವಕಾಶವಿರಲಿ ಎಂದು ಅದನ್ನು ಬಳಸಲಿಲ್ಲವೆಂದು ಚಕ್ರವರ್ತಿಗಳ ಜೀವನಚರಿತ್ರೆಕಾರ ಸ್ಯೂಟೋನಿಯಸ್ ಬರೆಯುತ್ತಾನೆ. ಮಂಡ್ಯ ಕಡೆಯ ರೈತರೊಬ್ಬರು ಎದ್ದುನಿಂತು, 2005ರ ಉದ್ಯೋಗ ಖಾತರಿ ಕಾಯ್ದೆಯೂ ಗುತ್ತಿಗೆದಾರರನ್ನು ನಿಷೇಧಿಸಿ ಯಂತ್ರಗಳನ್ನು ಆದಷ್ಟು ದೂರವಿಟ್ಟದ್ದು ಇದೇ ವಿಚಾರದಿಂದಲ್ಲವೇ, ಮೇಷ್ಟ್ರೇ, ಎಂದು ಕೇಳಿದರು. ಅಧ್ಯಾಪಕರು ಅವಸರದ ಉತ್ತರ ಕೊಡದೆ, ಕೂಲಿ ಕೊಡುವುದು ಅರಸನ ಔದಾರ್ಯವಾಗಿದ್ದ ಕಾಲಕ್ಕೂ ಕೇಳಿ ಪಡೆಯುವ ಹಕ್ಕಾದ ಕಾಲಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಿದರು.

ಈ ಮಾಲೆಯ ದೊಡ್ಡ ದೋಷವನ್ನು ಹೇಳಲೇಬೇಕು. ಅಗ್ರಿಪ್ಪನಿಂದ ಬಂದ ಸುಮಾರು 240 ಮಂದಿ, ಚಕ್ರವರ್ತಿ ಕ್ಲಾಡಿಯಸ್ ಸೇರಿಸಿದ 460 ಮಂದಿ, ಹೀಗೆ ಕಾಲುವೆಗಳನ್ನು ನೋಡಿಕೊಂಡವರು ಗುಲಾಮರಾಗಿದ್ದರು. ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದು ನ್ಯಾಯವಲ್ಲ. ಬಾಳಿಕೆಯ ತಂತ್ರಜ್ಞಾನವೆಂದು ನಾವು ಕೊಂಡಾಡುವ ಕಾಲುವೆಯೊಳಗೆ ಇಳಿದು ಸುಣ್ಣದ ಗಸಿಯನ್ನು ಕೆರೆದವರು ಯಾರು, ಅವರಿಗೆ ಮತವಿತ್ತೇ ಎಂಬ ಪ್ರಶ್ನೆಗೆ ಒಂದು ಪೂರ್ಣ ತರಗತಿಯನ್ನು ಮೀಸಲಿಡಬೇಕು. ಪಾಠ ಕನ್ನಡದಲ್ಲಿದ್ದರೂ ಹಂಚಿದ ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿದ್ದುದು ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳಿಗೆ ತೊಡಕಾಯಿತು.

ಬಿಡಿ ತರಗತಿಗಳಿಗೂ ಹೆಸರು ನೋಂದಾಯಿಸಬಹುದು. ಪೂರ್ತಿ ಮಾಲೆಗೆ ಬರಲಾಗದವರು ನೀರು ಮತ್ತು ಗಾರೆಯ ತರಗತಿಗಳಿಗೆ ಬರಲಿ. ಆದರೆ ಮೊದಲು ಮತದಾನದ ತರಗತಿಯನ್ನು ಕೇಳಿದ್ದರೆ, ಆಪಿಯಸ್ ತನ್ನ ಅವಧಿಯನ್ನು ಎಳೆದದ್ದೂ ಅಗ್ರಿಪ್ಪ ಕೆಳಗಿನ ಹುದ್ದೆಗೆ ಇಳಿದದ್ದೂ ಏಕೆಂದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.