ಕಡಲಡಿಯ ಕೇಬಲ್: ಎಸಿಯೋ, ಡಿಸಿಯೋ?

ಮುಂಬೈಯಲ್ಲಿ ಕಡಲ ಗಾಳಿ ವಿದ್ಯುತ್ತಿನ ಕೆಲಸಕ್ಕಿಳಿದಿರುವ ಕನ್ನಡದ ಎಳೆಯ ಎಂಜಿನಿಯರುಗಳು ಕೇಬಲ್ಲಿಗೆ ಎಸಿ (ಮತ್ತೆ ಮತ್ತೆ ದಿಕ್ಕು ಬದಲಿಸುವ ಕರೆಂಟು) ಬೇಕೋ, ಡಿಸಿ (ಒಂದೇ ದಿಕ್ಕಿನ ಕರೆಂಟು) ಬೇಕೋ ಎಂದು ತೀರ್ಮಾನಿಸಲು ಮೊದಲು ನೋಡಬೇಕಾದದ್ದು ದಡ ಎಷ್ಟು ದೂರವಿದೆ ಎಂಬುದನ್ನು.

ಮುಂಬೈ ಬಳಿಯ ಘಾರಾಪುರಿ (ಎಲಿಫೆಂಟಾ) ದ್ವೀಪಕ್ಕೆ 2018ರಲ್ಲಿ ಕರೆಂಟು ತಂದ ಸುಮಾರು 7.5 ಕಿ.ಮೀ. ಕೇಬಲ್ಲಿನಂಥ ದೂರಕ್ಕೆ ಎಸಿಯೇ ಸಾಕು.

ದೂರ ಹೆಚ್ಚಿದಂತೆ ಎಸಿಯ ತೊಂದರೆ ಶುರು. ವಾಹಕಕ್ಕೂ ಲೋಹದ ಹೊದಿಕೆಗೂ ನಡುವೆ ಇನ್ಸುಲೇಷನ್ ಇರುವುದರಿಂದ ಇಡೀ ಕೇಬಲ್ಲೇ ಒಂದು ಉದ್ದನೆಯ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಸಾಧನ. ಅದನ್ನು ಮತ್ತೆ ಮತ್ತೆ ತುಂಬಿಸಿ ಬರಿದು ಮಾಡುವ ಕರೆಂಟು ಸಾಗಣೆಯ ಸಾಮರ್ಥ್ಯವನ್ನೇ ತಿಂದುಹಾಕುತ್ತದೆ; ವೋಲ್ಟೇಜ್ ಏರಿಸಿದರೆ ಅದೂ ಏರುತ್ತದೆ. ಬ್ರಿಟನ್ನಿನ ಕಡಲ ಗಾಳಿ ವಿದ್ಯುತ್ ಸ್ಥಾವರ ಹಾರ್ನ್‌ಸೀ 1ರಲ್ಲಿ ಇದಕ್ಕಾಗಿಯೇ ಕಡಲ ನಡುವೆ ರಿಯಾಕ್ಟರ್ (ಈ ಕರೆಂಟನ್ನು ಸರಿದೂಗಿಸುವ ತಂತಿಸುರುಳಿ) ಕೇಂದ್ರ ಕಟ್ಟಬೇಕಾಯಿತು.

ಡಿಸಿಗೆ ಆ ಕಾಟವಿಲ್ಲ. ಆದರೆ ಎಸಿಯನ್ನು ಡಿಸಿಗೆ, ಡಿಸಿಯನ್ನು ಎಸಿಗೆ ಬದಲಿಸಲು ಎರಡೂ ತುದಿಗೆ ದುಬಾರಿ ಪರಿವರ್ತಕ ಕೇಂದ್ರ ಬೇಕು. ನನ್ನನ್ನು ಕೇಳಿದರೆ, 50 ಕಿ.ಮೀ. ಒಳಗೆ ಎಸಿ, 100 ದಾಟಿದರೆ ಡಿಸಿಯ ಅಂದಾಜು ತೆಗೆಸದೆ ಮುಂದುವರಿಯಬೇಡಿ.